ಬೇಸಿಗೆಗೆ ಮರದ ಮೇವು: ಸೊಪ್ಪು, ಕಾಯಿ, ಕಡ್ಡಿಗಳನ್ನು ಹದ ಮಾಡಿ ದನಕ್ಕೆ ಹಾಕುವ ಬಗೆ

ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಬಯಲುಸೀಮೆಯಲ್ಲಿ ರಾಗಿ ಹುಲ್ಲಿನ ಬಣವೆ ಅರ್ಧಕ್ಕೆ ಇಳಿದಿರುತ್ತದೆ. ಬದುವಿನ ಹುಲ್ಲು ಒಣಗಿ ಪುಡಿಯಾಗಿರುತ್ತದೆ. ಬೋರ್‌ವೆಲ್ ನೀರು ಅಡಿಕೆ ಗಿಡಕ್ಕೇ ಸಾಲದು, ಇನ್ನು ಹಸಿಮೇವು ಬೆಳೆಯೋದು ಎಲ್ಲಿ? ಆದರೆ ಅದೇ ಹೊತ್ತಿನಲ್ಲಿ ತಲೆ ಎತ್ತಿ ನೋಡಿ. ಬೇಲಿ ಸಾಲಿನ ಸುಬಾಬುಲ್ ಹಸಿರಾಗೇ ಇರುತ್ತದೆ. ಕೆರೆ ಅಂಗಳದ ಬಳ್ಳಾರಿ ಜಾಲಿಯಲ್ಲಿ ಕಾಯಿ ಜೋತಾಡುತ್ತಿರುತ್ತದೆ. ಇವುಗಳ ಬೇರು ನಮ್ಮ ಹುಲ್ಲಿನ ಬೇರಿಗಿಂತ ಎಷ್ಟೋ ಆಳಕ್ಕೆ ಹೋಗಿರುತ್ತದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಅಂಥ ವರ್ಷದಲ್ಲಿ ಹುಲ್ಲಿನ ಹೊರೆಗೆ ಹೇಳಿದ್ದೇ ಬೆಲೆ. ದುಡ್ಡು ಕೊಟ್ಟರೂ ಒಳ್ಳೆ ಹುಲ್ಲು ಸಿಗೋದಿಲ್ಲ. ಆಗ ಎಲ್ಲರೂ ಮಚ್ಚು ಹಿಡಿದು ಮರದ ಕಡೆ ಹೋಗುತ್ತಾರೆ. ಹೋಗಲಿ, ತಪ್ಪಲ್ಲ. ಆದರೆ ಕಡಿದ ಕೊಂಬೆಯನ್ನು ಹಾಗೇ ತಂದು ಗೋದಲಿಗೆ ಎಸೆಯುವುದು ತಪ್ಪು. ಒಂದೊಂದು ಮರಕ್ಕೆ ಒಂದೊಂದು ತೊಡಕು ಇದೆ. ಒಂದಕ್ಕೆ ವಾಸನೆ, ಒಂದಕ್ಕೆ ವಿಷದ ಅಂಶ, ಒಂದಕ್ಕೆ ಗಟ್ಟಿ ಬೀಜ, ಇನ್ನೊಂದಕ್ಕೆ ಬರೀ ಕಟ್ಟಿಗೆ. ಆ ತೊಡಕು ಬಿಡಿಸಿ ಹದ ಮಾಡಿದ ಮೇಲಷ್ಟೇ ಅದು ಮೇವು.

ಮೊದಲು ಲೆಕ್ಕ: ಎಷ್ಟು ಬೇಕು, ಯಾಕೆ ಬೇಕು

ಮರದ ಮೇವು ಹೊಟ್ಟೆ ತುಂಬಿಸೋಕೆ ಅಲ್ಲ. ಇರುವ ಹುಲ್ಲನ್ನು ಅರಗಿಸೋಕೆ. ಇದೊಂದು ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸುಲಭ.

ದನದ ಹೊಟ್ಟೆಯಲ್ಲಿ ಹುಲ್ಲನ್ನು ಅರಗಿಸುವುದು ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಅವಕ್ಕೂ ಊಟ ಬೇಕು. ತಿಂದ ಮೇವಿನಲ್ಲಿ ಶೇಕಡಾ 7ರಷ್ಟಾದರೂ ಪ್ರೋಟೀನ್ ಇಲ್ಲದಿದ್ದರೆ ಅವು ಸೊರಗುತ್ತವೆ. ಹುಲ್ಲು ಹೊಟ್ಟೆಯಲ್ಲಿ ನಿಧಾನವಾಗುತ್ತದೆ, ದನ ಕಡಿಮೆ ತಿನ್ನುತ್ತದೆ, ಬಡಕಲಾಗುತ್ತದೆ. ಬರೀ ಒಣಹುಲ್ಲಿನಲ್ಲಿ ಪ್ರೋಟೀನ್ ಇರುವುದು ಶೇ. 3ರಿಂದ 4 ಅಷ್ಟೇ. ಒಣಗಿಸಿದ ಸುಬಾಬುಲ್ ಎಲೆಯಲ್ಲಿ ಶೇ. 20ರಿಂದ 25 ಇರುತ್ತದೆ. ಗ್ಲಿರಿಸಿಡಿಯಾ ಎಲೆಯಲ್ಲೂ ಹೆಚ್ಚುಕಡಿಮೆ ಅಷ್ಟೇ.

ಈಗ ಲೆಕ್ಕ ಹಾಕಿ. 300 ಕೆ.ಜಿ. ತೂಕದ ಒಂದು ನಾಟಿ ಹಸುವಿಗೆ ದಿನಕ್ಕೆ ಸುಮಾರು 7 ಕೆ.ಜಿ. ಒಣ ತೂಕದ ಮೇವು ಬೇಕು. ಏಳೂ ಕೆ.ಜಿ. ಹುಲ್ಲೇ ಹಾಕಿದರೆ ಪ್ರೋಟೀನ್ ಸಿಗುವುದು 245 ಗ್ರಾಂ, ಅಂದರೆ ಶೇ. 3.5. ಅದರ ಬದಲು 5 ಕೆ.ಜಿ. ಹುಲ್ಲು, 2 ಕೆ.ಜಿ. ಒಣ ಸೊಪ್ಪು ಹಾಕಿ. ಹುಲ್ಲಿನಿಂದ 175 ಗ್ರಾಂ, ಸೊಪ್ಪಿನಿಂದ 400 ಗ್ರಾಂ, ಒಟ್ಟು 575 ಗ್ರಾಂ. ಶೇ. 8 ದಾಟಿತು. ಹುಲ್ಲು ಚೆನ್ನಾಗಿ ಅರಗೋಕೆ ಇಷ್ಟು ಸಾಕು. ಹಾಲು ಕರೆಯುವ ಹಸುವಿಗೆ ಇದರ ಮೇಲೆ ಹಿಂಡಿ, ಬೂಸಾ ಬೇಕೇ ಬೇಕು. ಸೊಪ್ಪು ಇದೆ ಅಂತ ಅದನ್ನು ಪೂರ್ತಿ ನಿಲ್ಲಿಸಬೇಡಿ.

ಎರಡು ಕೆ.ಜಿ. ಒಣ ಸೊಪ್ಪು ಅಂದರೆ ಹಸಿ ಲೆಕ್ಕದಲ್ಲಿ 6ರಿಂದ 7 ಕೆ.ಜಿ. ಒಂದು ದೊಡ್ಡ ಮಂಕರಿ ತುಂಬ. ಇದಕ್ಕಿಂತ ಜಾಸ್ತಿ ಬೇಡ. ಒಟ್ಟು ಮೇವಿನಲ್ಲಿ ಮರದ ಪಾಲು ಮೂರನೇ ಒಂದು ಭಾಗ ದಾಟಬಾರದು.

ಮರ ಗುರುತಿಸುವುದು

ಎಲ್ಲ ಮರವೂ ಮೇವಿನ ಮರವಲ್ಲ. ನಮ್ಮಲ್ಲಿ ಧೈರ್ಯವಾಗಿ ಬಳಸಬಹುದಾದವು ಸುಬಾಬುಲ್, ಗ್ಲಿರಿಸಿಡಿಯಾ (ಹಳ್ಳಿಯಲ್ಲಿ ಗೊಬ್ಬರದ ಗಿಡ ಅಂತಾರೆ), ಅಗಸೆ, ನುಗ್ಗೆ, ಹಾಲುವಾಣ, ಬಿದಿರೆಲೆ, ಅತ್ತಿ, ಆಲ, ಬನ್ನಿ. ಚಿತ್ರದುರ್ಗ, ತುಮಕೂರಿನ ಕಡೆ ಕಮರದ ಮರ ಇದ್ದರೆ ಅದರ ಸೊಪ್ಪೂ ಒಳ್ಳೆಯದು. ಅಗಸೆ, ನುಗ್ಗೆಗೆ ಯಾವ ಹದವೂ ಬೇಡ, ಬೆಳಿಗ್ಗೆ ಕಿತ್ತು ಸಂಜೆ ಹಾಕಿದರೂ ಆಯಿತು. ಆದರೆ ಅವು ಜಾಸ್ತಿ ಸಿಗೋದಿಲ್ಲ. ಜಾಸ್ತಿ ಸಿಗುವುದು ಸುಬಾಬುಲ್, ಗ್ಲಿರಿಸಿಡಿಯಾ ಮತ್ತು ಬಳ್ಳಾರಿ ಜಾಲಿಯ ಕಾಯಿ. ಈ ಲೇಖನದ ಬಹುಪಾಲು ಆ ಮೂರರ ಬಗ್ಗೆಯೇ.

ಲಂಟಾನ, ಕಣಗಿಲೆ, ಹರಳು ಗಿಡದ ಸೊಪ್ಪು ಕೊಟ್ಟಿಗೆ ಹತ್ತಿರವೂ ಬರಬಾರದು. ಲಂಟಾನ ತಿಂದ ದನದ ಲಿವರ್ ಕೆಡುತ್ತದೆ, ಬಿಸಿಲಿಗೆ ಬಿಟ್ಟರೆ ಚರ್ಮ ಸುಟ್ಟಂತೆ ಸಿಪ್ಪೆ ಏಳುತ್ತದೆ. ಕಣಗಿಲೆಯ ಒಂದು ಹಿಡಿ ಎಲೆ ಸಾಕು, ಹಸುವಿನ ಪ್ರಾಣ ಹೋಗೋಕೆ. ಬೇಲಿ ಕಡಿದಾಗ ಇವು ಸೊಪ್ಪಿನ ಹೊರೆಯೊಳಗೆ ಸೇರಿಬಿಡುತ್ತವೆ. ಬರಗಾಲದಲ್ಲಿ ಹಸಿದ ದನ ಆರಿಸಿ ತಿನ್ನೋದಿಲ್ಲ. ಹಾಗಾಗಿ ಹೊರೆ ಬಿಚ್ಚಿ ಕೈಯಲ್ಲಿ ಹರಡಿ ನೋಡುವುದು ನಿಮ್ಮ ಕೆಲಸ.

ಗೋಮಾಳ, ಕೆರೆ ಅಂಗಳ, ಅರಣ್ಯದ ಅಂಚಿನ ಮರಗಳಾದರೆ ಕಡಿಯುವ ಮೊದಲು ಪಂಚಾಯಿತಿ ಅಥವಾ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ.

ಮೊದಲ ಹದ: ಬಾಡಿಸುವುದು

ಗ್ಲಿರಿಸಿಡಿಯಾ ಸೊಪ್ಪಿಗೆ ಒಂದು ಥರದ ಘಾಟು ಇದೆ. ಹೊಸದಾಗಿ ಹಾಕಿದಾಗ ನಮ್ಮ ಕೆಂದಿ ಮೂತಿ ಹತ್ತಿರ ತಂದಳು, ಒಮ್ಮೆ ಉಸಿರೆಳೆದಳು, ತಲೆ ಕೊಡವಿ ಎರಡು ಹೆಜ್ಜೆ ಹಿಂದೆ ಸರಿದಳು. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. "ನಮ್ಮ ದನ ತಿನ್ನಲ್ಲ" ಅಂತಾರೆ. ಅದೇ ಸೊಪ್ಪನ್ನು ನೆರಳಲ್ಲಿ ಹರಡಿ ಮಾರನೇ ದಿನ ಸ್ವಲ್ಪ ಬೂಸಾ, ಒಂದು ಚಿಟಿಕೆ ಉಪ್ಪು ಉದುರಿಸಿ ಮುಂದಿಟ್ಟೆ. ಮೊದಲು ಬೂಸಾ ನೆಕ್ಕಿದಳು. ನಾಲಿಗೆಗೆ ಒಂದೆರಡು ಎಲೆ ಅಂಟಿ ಬಂತು. ಅಗಿದಳು. ನಾಲ್ಕನೇ ದಿನ ಬೂಸಾ ಇಲ್ಲದೆಯೂ ತಿಂದಳು.

ಮಾಡುವ ಬಗೆ ಇಷ್ಟು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕಡಿಯಿರಿ. ಎಳೆಯ ರೆಂಬೆಗಳನ್ನೇ ಆರಿಸಿ. ಪೆನ್ಸಿಲ್ ದಪ್ಪದವರೆಗಿನ ಕಡ್ಡಿ ಮೇವಿಗೆ, ಅದಕ್ಕಿಂತ ದಪ್ಪದ್ದು ಒಲೆಗೆ. ಮರದ ಕೆಳಗೋ ಶೆಡ್ಡಿನಲ್ಲೋ ಒಂದು ಗೇಣಿಗಿಂತ ಎತ್ತರ ಆಗದಂತೆ ತೆಳ್ಳಗೆ ಹರಡಿ. ರಾಶಿ ಹಾಕಿದರೆ ಒಳಗೆ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ. ಮಧ್ಯಾಹ್ನ ಒಮ್ಮೆ ಮಗುಚಿ. 12ರಿಂದ 24 ಗಂಟೆಯಲ್ಲಿ ಎಲೆ ಜೋಲು ಬೀಳುತ್ತದೆ, ಘಾಟು ಇಳಿಯುತ್ತದೆ. ಆಮೇಲೆ ಚಾಫ್ ಕಟರ್‌ಗೆ ಹಾಕಿ ಒಂದು ಇಂಚಿನ ತುಂಡು ಮಾಡಿ, ಹುಲ್ಲಿನ ಜೊತೆ ಕಲಸಿ ಹಾಕಿ. ಕಲಸುವುದು ಮುಖ್ಯ. ಬೇರೆ ಬೇರೆ ಹಾಕಿದರೆ ರುಚಿಯಾದದ್ದನ್ನು ತಿಂದು ಉಳಿದದ್ದನ್ನು ಕಾಲಡಿ ಹಾಕಿಕೊಳ್ಳುತ್ತವೆ.

ಗ್ಲಿರಿಸಿಡಿಯಾ ವಿಚಾರದಲ್ಲಿ ಒಂದು ಮಾತು ಮರೆಯಬೇಡಿ: ಬೂಸ್ಟು ಹಿಡಿದ ಸೊಪ್ಪನ್ನು ಯಾವ ಕಾರಣಕ್ಕೂ ಹಾಕಬೇಡಿ. ಅದರ ಘಾಟಿಗೆ ಕಾರಣ ಕೂಮರಿನ್ ಅನ್ನುವ ವಸ್ತು. ಬೂಸ್ಟು ಬಂದಾಗ ಅದು ಡೈಕೂಮರಾಲ್ ಆಗುತ್ತದೆ. ಇದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಈ ಗಿಡವನ್ನು ಮಧ್ಯ ಅಮೆರಿಕದಲ್ಲಿ ಇಲಿಗೆ ವಿಷ ಹಾಕೋಕೆ ಬಳಸುತ್ತಾ ಬಂದಿದ್ದಾರೆ. ಅದರ ಹೆಸರಿನಲ್ಲೇ ಇರುವ ಗ್ಲಿರಿಸ್ ಅನ್ನುವುದು ಲ್ಯಾಟಿನ್‌ನಲ್ಲಿ ಇಲಿ ಜಾತಿಗೆ ಹೇಳುವ ಮಾತು. ಹೆದರಬೇಕಿಲ್ಲ. ಚೆನ್ನಾಗಿ ಬಾಡಿಸಿದ, ವಾಸನೆ ಶುದ್ಧವಾದ ಸೊಪ್ಪನ್ನು ದನ, ಕುರಿ, ಮೇಕೆಗಳು ಎಷ್ಟೋ ದೇಶಗಳಲ್ಲಿ ತಿನ್ನುತ್ತಿವೆ. ಕುದುರೆಗೆ ಮಾತ್ರ ಬೇಡ.

ಎರಡನೇ ಹದ: ಒಣಗಿಸಿ ಚೀಲ ಕಟ್ಟುವುದು

ಗ್ಲಿರಿಸಿಡಿಯಾವನ್ನು ಕಡಿಯದೆ ಹಾಗೇ ಬಿಟ್ಟರೆ ಜನವರಿ, ಫೆಬ್ರವರಿಯಲ್ಲಿ ಎಲೆ ಉದುರಿಸಿ ಹೂವಾಗುತ್ತದೆ. ತಿಳಿ ಗುಲಾಬಿ ಹೂ, ನೋಡೋಕೆ ಬಲು ಚೆಂದ. ಆದರೆ ನಮಗೆ ಬೇಕಾದ ಹೊತ್ತಿನಲ್ಲಿ ಮರ ಬೋಳು. ಹಾಗಾಗಿ ಮಳೆ ಮುಗಿದ ಕೂಡಲೇ, ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ಒಂದು ಸಲ ಪೂರ್ತಿ ಕಡಿದು ಒಣಗಿಸಿಡಬೇಕು. ಸುಬಾಬುಲ್‌ಗೂ ಇದೇ ಸಮಯ ಒಳ್ಳೆಯದು.

ಕಣದಲ್ಲೋ ತಾರಸಿಯಲ್ಲೋ ಟಾರ್ಪಾಲ್ ಹಾಸಿ ರೆಂಬೆ ಹರಡಿ. ಮೊದಲ ದಿನ ಬಿಸಿಲು ಇರಲಿ, ಆಮೇಲೆ ನೆರಳು. ಪೂರ್ತಿ ಬಿಸಿಲಲ್ಲೇ ಬಿಟ್ಟರೆ ಹಸಿರು ಬಣ್ಣ ಹೋಗಿ ಸೊಪ್ಪು ಬಿಳಿಚಿಕೊಳ್ಳುತ್ತದೆ, ಸತ್ವವೂ ಇಳಿಯುತ್ತದೆ. ಎರಡು ಮೂರು ದಿನದಲ್ಲಿ ಸುಬಾಬುಲ್‌ನ ಚಿಕ್ಕ ಎಲೆಗಳು ತಾವೇ ಉದುರೋಕೆ ಶುರುವಾಗುತ್ತವೆ. ಆಗ ಕೋಲಿನಲ್ಲಿ ಮೆಲ್ಲಗೆ ಬಡಿದು ಕಡ್ಡಿ ಆರಿಸಿ ತೆಗೆಯಿರಿ. ಟಾರ್ಪಾಲ್ ಇಲ್ಲದೆ ನೆಲದ ಮೇಲೆ ಮಾಡಿದರೆ ಅರ್ಧ ಸೊಪ್ಪು ಮಣ್ಣುಪಾಲು.

ಚೀಲ ಕಟ್ಟುವ ಮೊದಲು ಒಂದು ಹಿಡಿ ಸೊಪ್ಪನ್ನು ಮುಷ್ಟಿಯಲ್ಲಿ ಅದುಮಿ. ಗರಗರ ಅಂತ ಪುಡಿಯಾದರೆ ಒಣಗಿದೆ. ಮೆತ್ತಗೆ ಮುದ್ದೆಯಾದರೆ ಇನ್ನೊಂದು ದಿನ ಬಿಡಿ. ಗೋಣಿಚೀಲದಲ್ಲಿ ತುಂಬಿ, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ ಜೋಡಿಸಿ. ಪ್ಲಾಸ್ಟಿಕ್ ಚೀಲಕ್ಕಿಂತ ಗೋಣಿಚೀಲ ವಾಸಿ, ಗಾಳಿಯಾಡುತ್ತದೆ. ಇದು ಮನೆಯಲ್ಲೇ ತಯಾರಾದ ಹಿಂಡಿ ಇದ್ದ ಹಾಗೆ. ಮಾರ್ಚ್‌ನಿಂದ ಜೂನ್‌ವರೆಗೆ ದಿನಕ್ಕೆ ಒಂದೂವರೆ ಕೆ.ಜಿ.ಯಂತೆ ಒಂದು ಹಸುವಿಗೆ ಸುಮಾರು 180 ಕೆ.ಜಿ. ಬೇಕಾಗುತ್ತದೆ.

ಸುಬಾಬುಲ್‌ನ ತೊಡಕು ಮೈಮೋಸಿನ್ ಅನ್ನುವ ವಿಷದ ಅಂಶ. ಎಳೆ ಚಿಗುರಿನಲ್ಲಿ ಜಾಸ್ತಿ, ಒಣಗಿಸಿದಾಗ ಕಡಿಮೆಯಾಗುತ್ತದೆ, ಪೂರ್ತಿ ಹೋಗೋದಿಲ್ಲ. ತಿಂಗಳುಗಟ್ಟಲೆ ಸುಬಾಬುಲ್ಲೇ ತಿಂದ ದನಕ್ಕೆ ಬಾಲದ ಕುಚ್ಚಿನ ಕೂದಲು ಉದುರುತ್ತದೆ, ಜೊಲ್ಲು ಸುರಿಯುತ್ತದೆ, ಗಂಟಲ ಹತ್ತಿರ ಥೈರಾಯಿಡ್ ಊದಿಕೊಳ್ಳುತ್ತದೆ. ಹಾಗಾದರೆ ಹವಾಯಿ ದ್ವೀಪದ ದನ, ಮೇಕೆಗಳು ಇದನ್ನೇ ತಿಂದು ಹೇಗೆ ಚೆನ್ನಾಗಿವೆ ಅನ್ನುವ ಪ್ರಶ್ನೆ ಆಸ್ಟ್ರೇಲಿಯಾದ ರೇಮಂಡ್ ಜೋನ್ಸ್ ಅನ್ನುವ ವಿಜ್ಞಾನಿಗೆ ಬಂತು. ಅಲ್ಲಿನ ಪ್ರಾಣಿಗಳ ಹೊಟ್ಟೆಯಲ್ಲಿ ಈ ವಿಷವನ್ನು ಒಡೆಯುವ ಒಂದು ಬ್ಯಾಕ್ಟೀರಿಯಾ ಇತ್ತು. 1980ರ ದಶಕದಲ್ಲಿ ಅದನ್ನು ಆಸ್ಟ್ರೇಲಿಯಾದ ದನಗಳಿಗೆ ದಾಟಿಸಿದರು. ಮುಂದೆ ಅದಕ್ಕೆ ಅವರ ಹೆಸರನ್ನೇ ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸಿಐ ಅಂತ ಕರೆದರು. ನಿಮ್ಮ ಹಟ್ಟಿಯ ದನಕ್ಕೆ ಆ ಶಕ್ತಿ ಎಷ್ಟಿದೆ ಅಂತ ಹೊರಗಿನಿಂದ ಕಾಣೋದಿಲ್ಲ. ಹಾಗಾಗಿಯೇ ಮೂರನೇ ಒಂದು ಭಾಗದ ಮಿತಿ. ಗಬ್ಬದ ಹಸುವಿಗೆ ಅದರಲ್ಲೂ ಅರ್ಧ ಮಾಡಿ. ಕುದುರೆ, ಹಂದಿ, ಮೊಲಕ್ಕೆ ಸುಬಾಬುಲ್ ಬೇಡವೇ ಬೇಡ.

ಮೂರನೇ ಹದ: ಜಾಲಿ ಕಾಯಿ ಒಣಗಿಸಿ ಬೀಸುವುದು

ಬಳ್ಳಾರಿ ಜಾಲಿ ನಮ್ಮ ಮರವಲ್ಲ. 1877ರ ಸುಮಾರಿಗೆ ಅಮೆರಿಕ ಖಂಡದ ಕಡೆಯಿಂದ ಇದರ ಬೀಜ ಭಾರತಕ್ಕೆ ಬಂತು. ಈಗ ಕೆರೆ, ಹಳ್ಳ, ಬೀಳು ಎಲ್ಲವನ್ನೂ ನುಂಗಿ ಕೂತಿದೆ. ಎಲೆಯನ್ನು ದನ ಮೂಸಿಯೂ ನೋಡೋದಿಲ್ಲ, ಒಗರು ಅಷ್ಟಿದೆ. ಆದರೆ ಕಾಯಿ ಬೇರೆ. ಹಳದಿಗೆ ತಿರುಗಿ ಉದುರಿದ ಕಾಯಿ ಬಾಯಿಗೆ ಹಾಕಿ ನೋಡಿ, ಬೆಲ್ಲದಂತೆ ಸಿಹಿ. ತೂಕದ ಕಾಲು ಭಾಗದಷ್ಟು ಸಕ್ಕರೆ ಅಂಶ, ಶೇ. 12ರ ಆಸುಪಾಸು ಪ್ರೋಟೀನ್. ಬೂಸಾದ ಒಂದು ಪಾಲನ್ನು ಇದರಿಂದ ತುಂಬಿಸಬಹುದು.

ತೊಡಕು ಬೀಜದಲ್ಲಿದೆ. ನಾನು ಮೊದಲ ವರ್ಷ ಇಡೀ ಕಾಯಿಯನ್ನೇ ಹಾಕಿದ್ದೆ. ದನ ಆಸೆಯಿಂದ ತಿಂದವು. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ತಿಪ್ಪೆಯ ಕಡೆ ಹೋದರೆ ಸಗಣಿಯ ಒಂದೊಂದು ಹೆಂಟೆಯಿಂದಲೂ ನಾಲ್ಕೈದು ಜಾಲಿ ಸಸಿ ಎದ್ದಿದ್ದವು. ಜೋಡಿ ಎಲೆ, ಕೆಂಪು ದಂಟು. ಆ ಗೊಬ್ಬರ ಆಗಲೇ ರಾಗಿ ಹೊಲಕ್ಕೂ ಹೋಗಿತ್ತು. ಎರಡು ವರ್ಷ ಮುಳ್ಳು ಕಿತ್ತೆ. ಇಡೀ ಬೀಜ ದನದ ಹೊಟ್ಟೆಯಲ್ಲಿ ಅರಗೋದೇ ಇಲ್ಲ. ಅದರ ಗಟ್ಟಿ ಸಿಪ್ಪೆ ಮೆತ್ತಗಾಗಿ ಮೊಳೆಯೋಕೆ ಇನ್ನೂ ಅನುಕೂಲವಾಗುತ್ತದೆ. ಬೀಜದೊಳಗಿನ ಪ್ರೋಟೀನೂ ನಷ್ಟ, ಹೊಲವೂ ಹಾಳು. ಬೀಸಿದರೆ ಎರಡೂ ಉಳಿಯುತ್ತವೆ.

ಕಾಯಿ ಉದುರುವುದು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ. ದಿನಾ ಬೆಳಿಗ್ಗೆ ಆಯ್ದುಕೊಂಡು ಬನ್ನಿ. ಹುಳು ತೂತು ಬಿದ್ದದ್ದು, ಕಪ್ಪಾದದ್ದು ಬಿಡಿ. ಕಡು ಬಿಸಿಲಲ್ಲಿ ಎರಡು ಮೂರು ದಿನ ಒಣಗಿಸಿ. ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ಬಗ್ಗಿಸಿದರೆ ಪಟ್ಟನೆ ಮುರಿಯಬೇಕು. ಬಿಸಿಲಿನಿಂದ ಎತ್ತಿದ ಕೂಡಲೇ, ಮಧ್ಯಾಹ್ನದಲ್ಲೇ ಬೀಸಿಸಿಬಿಡಿ. ಸಂಜೆ ತಂಪಿಗೆ ಕಾಯಿಯ ಸಕ್ಕರೆ ತೇವ ಎಳೆದುಕೊಂಡು ಅಂಟಾಗುತ್ತದೆ, ಗಿರಣಿಯ ಜರಡಿ ಕಟ್ಟಿಕೊಳ್ಳುತ್ತದೆ. ಹಿಟ್ಟಿನ ಗಿರಣಿಯವರು ಬೇಡ ಅನ್ನುವುದು ಇದಕ್ಕೇ. ಪಶು ಆಹಾರ ಪುಡಿ ಮಾಡುವ ಸುತ್ತಿಗೆ ಗಿರಣಿ, ಅಂದರೆ ಹ್ಯಾಮರ್ ಮಿಲ್ ಆದರೆ ಒಳ್ಳೆಯದು. ರವೆಯಷ್ಟು ತರಿಯಾದರೆ ಸಾಕು, ಇಡೀ ಬೀಜ ಒಂದೂ ಉಳಿಯಬಾರದು. ಕೈಯಲ್ಲಿ ತರಿ ಹರಡಿ ನೋಡಿ, ಉಳಿದಿದ್ದರೆ ಇನ್ನೊಮ್ಮೆ ಹಾಕಿಸಿ. ಪುಡಿ ಬಹಳ ದಿನ ಇಡೋದು ಬೇಡ, ಗಡ್ಡೆ ಕಟ್ಟುತ್ತದೆ. ಒಣಗಿದ ಕಾಯಿಯನ್ನೇ ಚೀಲದಲ್ಲಿಟ್ಟು ವಾರಕ್ಕೆ ಬೇಕಾದಷ್ಟು ಮಾತ್ರ ಬೀಸಿಕೊಳ್ಳಿ.

ದೊಡ್ಡ ಹಸುವಿಗೆ ದಿನಕ್ಕೆ ಅರ್ಧ ಕೆ.ಜಿ.ಯಿಂದ ಶುರು ಮಾಡಿ. ಎರಡು ವಾರದಲ್ಲಿ ಒಂದು, ಒಂದೂವರೆ ಕೆ.ಜಿ.ಗೆ ಏರಿಸಿ. ಅಷ್ಟಕ್ಕೇ ನಿಲ್ಲಿಸಿ. ಬ್ರೆಜಿಲ್‌ನಲ್ಲಿ ತಿಂಗಳುಗಟ್ಟಲೆ ಹೆಚ್ಚಾಗಿ ಜಾಲಿ ಕಾಯನ್ನೇ ತಿಂದ ದನಗಳಿಗೆ ದವಡೆಯ ನರ ಕೆಟ್ಟು, ಮುಖ ಸೊಟ್ಟಗಾಗಿ, ಮೇವು ಅಗಿಯೋಕೇ ಆಗದ ಕಾಯಿಲೆ ಬರುತ್ತದೆ. ಬೇರೆ ಮೇವಿನ ಜೊತೆ ಸ್ವಲ್ಪ ಕೊಟ್ಟರೆ ಆ ಭಯವಿಲ್ಲ.

ನಾಲ್ಕನೇ ಹದ: ಕಡ್ಡಿ ಮತ್ತು ಹುಲ್ಲಿಗೆ ಯೂರಿಯಾ

ಇದನ್ನು ಓದುವಾಗ ಸ್ವಲ್ಪ ನಿಧಾನ ಮಾಡಿ. ಒಳ್ಳೆಯ ವಿಧಾನ, ಆದರೆ ಅಜಾಗರೂಕತೆಗೆ ಜಾಗವಿಲ್ಲ.

ಸೊಪ್ಪು ಬಡಿದ ಮೇಲೆ ಉಳಿಯುವ ತೆಳು ಕಡ್ಡಿ, ತೊಗರಿ ಗಿಡದ ತುದಿ ಕಡ್ಡಿ, ಜೋಳದ ದಂಟು ಇವೆಲ್ಲದರಲ್ಲಿ ಶಕ್ತಿ ಇದೆ. ಆದರೆ ಅದು ಲಿಗ್ನಿನ್ ಅನ್ನುವ ಅಂಟಿನಲ್ಲಿ ಬಿಗಿದುಕೊಂಡಿದೆ. ಯೂರಿಯಾ ನೀರು ಹಾಕಿ ಗಾಳಿಯಾಡದಂತೆ ಮುಚ್ಚಿಟ್ಟರೆ ಅಮೋನಿಯಾ ಹುಟ್ಟಿ ಆ ಬಿಗಿಯನ್ನು ಸಡಿಲಿಸುತ್ತದೆ. ಜೊತೆಗೆ ಸಾರಜನಕವೂ ಸೇರುತ್ತದೆ. ಕಲಬುರಗಿ ಕಡೆಯವರು ತೊಗರಿ ಕಟ್ಟಿಗೆಯನ್ನೆಲ್ಲ ಹೀಗೆ ಮೇವು ಮಾಡಬಹುದಾ ಅಂತ ಕೇಳುತ್ತಾರೆ. ಬುಡದ ಕಟ್ಟಿಗೆ ಆಗೋದಿಲ್ಲ. ಕಟ್ಟಿಗೆ ಕಟ್ಟಿಗೆಯೇ, ಯಾವ ಹದವೂ ಅದನ್ನು ಹುಲ್ಲು ಮಾಡೋದಿಲ್ಲ. ತುದಿಯ ತೆಳು ಕಡ್ಡಿ ಮತ್ತು ಹೊಟ್ಟು ಮಾತ್ರ ತೆಗೆದುಕೊಳ್ಳಿ.

ಒಣಗಿದ ಕಡ್ಡಿಯನ್ನು ಚೆನ್ನಾಗಿ ಪುಡಿ ಮಾಡಿಸಿ, 25 ಕೆ.ಜಿ. ತೆಗೆದುಕೊಳ್ಳಿ. ಅದಕ್ಕೆ 25 ಕೆ.ಜಿ. ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ. ಬರೀ ಕಡ್ಡಿಗಿಂತ ಹುಲ್ಲು ಬೆರೆತಾಗ ಕೆಲಸ ಚೆನ್ನಾಗಿ ಆಗುತ್ತದೆ. 2 ಕೆ.ಜಿ. ಯೂರಿಯಾ ತೂಗಿ, 25 ಲೀಟರ್ ನೀರಿನಲ್ಲಿ ಒಂದು ಕಾಳೂ ಉಳಿಯದಂತೆ ಕರಗಿಸಿ. ತೂಗಿ ಅಂದೆ, ಕೈ ಅಂದಾಜು ಬೇಡ. ಪ್ಲಾಸ್ಟಿಕ್ ಹಾಳೆ ಹಾಸಿ ಒಂದು ಪದರ ಮೇವು ಹರಡಿ, ರೋಸ್ ಕ್ಯಾನ್‌ನಿಂದ ಸಮನಾಗಿ ನೀರು ಚಿಮುಕಿಸಿ, ಕಾಲಲ್ಲಿ ತುಳಿಯಿರಿ. ಮತ್ತೆ ಪದರ, ಮತ್ತೆ ನೀರು, ಮತ್ತೆ ತುಳಿತ. ಕೊನೆಗೆ ಹಾಳೆಯ ಅಂಚು ಮಡಚಿ, ಮೇಲೆ ಮಣ್ಣು ಹಾಕಿ ಬಿಗಿ ಮಾಡಿ. ಬೇಸಿಗೆಯಲ್ಲಿ 21 ದಿನ, ಚಳಿ ಇದ್ದರೆ ಒಂದು ವಾರ ಜಾಸ್ತಿ.

ತೆರೆದಾಗ ಮೇವು ಕಂದು ಹಳದಿಗೆ ತಿರುಗಿರುತ್ತದೆ, ಮೆತ್ತಗಾಗಿರುತ್ತದೆ. ಅಮೋನಿಯಾ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬರುತ್ತದೆ. ಗಾಳಿ ಬರುವ ಕಡೆ ಬೆನ್ನು ಮಾಡಿ ನಿಂತು ತೆರೆಯಿರಿ, ಮಕ್ಕಳು ಹತ್ತಿರ ಬೇಡ. ಒಂದು ದಿನಕ್ಕೆ ಬೇಕಾದಷ್ಟು ತೆಗೆದು ಮತ್ತೆ ಮುಚ್ಚಿ. ತೆಗೆದದ್ದನ್ನು ಹರಡಿ ಒಂದೆರಡು ಗಂಟೆ, ಘಾಟು ಇಳಿಯುವವರೆಗೆ ಬಿಟ್ಟು ಹಾಕಿ. ಒಂದು ಕೆ.ಜಿ.ಯಿಂದ ಶುರು ಮಾಡಿ ಮೂರು ಕೆ.ಜಿ.ವರೆಗೆ ಹೋಗಬಹುದು.

ಈಗ ಬೇಡದ ಕೆಲಸಗಳು. ಯೂರಿಯಾ ಹಾಕಿ ಮುಚ್ಚಿಡುವ ಮೇವಿಗೆ ಬೆಲ್ಲ, ಕಾಕಂಬಿ, ಜಾಲಿ ಕಾಯಿ, ಹಸಿ ಸೊಪ್ಪು ಯಾವುದನ್ನೂ ಸೇರಿಸಬೇಡಿ. ರುಚಿ ಬರಲಿ ಅಂತ ಕೆಲವರು ಬೆಲ್ಲ ಹಾಕುತ್ತಾರೆ. ಸಕ್ಕರೆ ಮತ್ತು ಅಮೋನಿಯಾ ಸೇರಿ ಹುಟ್ಟುವ ವಸ್ತು ದನಕ್ಕೆ ಹುಚ್ಚು ಹಿಡಿಸುತ್ತದೆ. ಗೋಡೆಗೆ ಗುದ್ದಿಕೊಂಡು ಓಡುತ್ತವೆ. ಹಾಲಿನಲ್ಲೂ ಬಂದು ಕರುವಿಗೆ ತಾಗುತ್ತದೆ. ಸಿಹಿ ಬೇಕಾದರೆ ಗೋದಲಿಗೆ ಹಾಕುವಾಗ ಸೇರಿಸಿ. ಆರು ತಿಂಗಳೊಳಗಿನ ಕರುವಿಗೆ ಯೂರಿಯಾ ಮೇವು ಬೇಡ. ಯೂರಿಯಾ ಕರಗಿಸಿದ ಬಕೆಟ್ಟನ್ನು ದನಕ್ಕೆ ಎಟುಕುವ ಕಡೆ ಒಂದು ನಿಮಿಷವೂ ಇಡಬೇಡಿ, ಬಾಯಾರಿದ ಹಸು ಗುಟುಕರಿಸಿಬಿಡುತ್ತದೆ. ಹಾಗಾದರೆ ಅರ್ಧ ಗಂಟೆಯಲ್ಲೇ ಮೈ ನಡುಕ, ಬಾಯಲ್ಲಿ ನೊರೆ, ಹೊಟ್ಟೆ ಉಬ್ಬರ ಶುರುವಾಗುತ್ತದೆ. ಕೂಡಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಪಶು ವೈದ್ಯರನ್ನು ಕರೆಸಿ. ಅವರು ಬರುವುದರೊಳಗೆ, ಹಸು ಎಚ್ಚರದಲ್ಲಿದ್ದು ನುಂಗುವಂತಿದ್ದರೆ ಮಾತ್ರ, ಎರಡು ಮೂರು ಲೀಟರ್ ವಿನೆಗರ್ ಅನ್ನು ತಣ್ಣೀರಿನಲ್ಲಿ ಬೆರೆಸಿ ನಿಧಾನವಾಗಿ ಕುಡಿಸಿ. ಯೂರಿಯಾ ಮೇವು ಮಾಡುವವರ ಮನೆಯಲ್ಲಿ ವಿನೆಗರ್ ಮೊದಲೇ ತಂದಿಟ್ಟಿರಬೇಕು.

ಡ್ರಮ್ಮಿನಲ್ಲಿ ರಸಮೇವು

ರಸಮೇವು ಅಂದರೆ ಹಸಿಮೇವನ್ನು ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಮೇವು, ಸೈಲೇಜ್. ಸ್ವಲ್ಪ ಹಸಿ ಜೋಳವೋ ನೇಪಿಯರ್ ಹುಲ್ಲೋ ಇರುವವರಿಗೆ ಇದು ಸುಲಭ. ಸೊಪ್ಪನ್ನಷ್ಟೇ ರಸಮೇವು ಮಾಡಿದರೆ ಕೆಡುತ್ತದೆ. ಅದರಲ್ಲಿ ಸಕ್ಕರೆ ಕಡಿಮೆ, ಹುಳಿ ಬರೋದಿಲ್ಲ. ಎರಡು ಪಾಲು ಕತ್ತರಿಸಿದ ಮೆಕ್ಕೆಜೋಳ ಅಥವಾ ನೇಪಿಯರ್, ಒಂದು ಪಾಲು ಬಾಡಿಸಿದ ಸುಬಾಬುಲ್ ಸೊಪ್ಪು. ನೂರು ಕೆ.ಜಿ.ಗೆ 2 ಕೆ.ಜಿ. ಬೆಲ್ಲ ಸ್ವಲ್ಪ ನೀರಿನಲ್ಲಿ ಕರಗಿಸಿ ಚಿಮುಕಿಸಿ. ಇಲ್ಲಿ ಯೂರಿಯಾ ಇಲ್ಲ, ಬೆಲ್ಲಕ್ಕೆ ತೊಂದರೆಯಿಲ್ಲ. 200 ಲೀಟರ್‌ನ ಪ್ಲಾಸ್ಟಿಕ್ ಡ್ರಮ್ಮಿಗೆ ಪದರ ಪದರವಾಗಿ ತುಂಬಿ, ಗಾಳಿ ಹೋಗುವ ಹಾಗೆ ತುಳಿದು, ಮುಚ್ಚಳ ಬಿಗಿ ಮಾಡಿ 45 ದಿನ ಬಿಡಿ. ತೆರೆದಾಗ ಹಣ್ಣು ಹುಳಿತಂಥ ಒಳ್ಳೆ ವಾಸನೆ ಬರಬೇಕು. ಕೊಳೆತ ವಾಸನೆ, ಬಿಳಿ ಹಸಿರು ಬೂಸ್ಟು ಕಂಡರೆ ಆ ಭಾಗ ತಿಪ್ಪೆಗೆ.

ಕರಾವಳಿ, ಮಲೆನಾಡಿನವರಿಗೆ ಅಡಿಕೆ ಹಾಳೆ ಇದೆ. ಬಿದ್ದ ದಿನವೇ ಎತ್ತಿ, ಒಣಗಿಸಿ, ಯಂತ್ರದಲ್ಲಿ ಸಣ್ಣಗೆ ಸೀಳಿ ಹುಲ್ಲಿನ ಬದಲು ಹಾಕುತ್ತಾರೆ. ಪ್ರೋಟೀನ್ ಕಡಿಮೆ, ಹುಲ್ಲಿನಷ್ಟೇ ಅಂತ ಲೆಕ್ಕ ಇಟ್ಟುಕೊಳ್ಳಿ. ಮಳೆಯಲ್ಲಿ ನೆನೆದು ಬೂಸ್ಟು ಬಂದ ಹಾಳೆ, ಔಷಧಿ ಸಿಂಪಡಿಸಿದ ಮೇಲೆ ಬಿದ್ದ ಹಾಳೆ ಬೇಡ.

ದೂರದ ಆಫ್ರಿಕಾದ ನಮೀಬಿಯಾದಲ್ಲಿ ಮರದ ಮೇವನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಅಲ್ಲಿ ಮುಳ್ಳು ಪೊದೆಗಳು ಹುಲ್ಲುಗಾವಲನ್ನು ಆಕ್ರಮಿಸಿವೆ, ನಮ್ಮ ಜಾಲಿಯ ಹಾಗೆ. ರೈತರು ಪೊದೆಯನ್ನೇ ಕಡಿದು, ಯಂತ್ರದಲ್ಲಿ ಪುಡಿ ಮಾಡಿ, ಕಾಕಂಬಿ, ಮರದ ಕಾಯಿಯ ಪುಡಿ ಬೆರೆಸಿ ಬರಗಾಲದಲ್ಲಿ ದನಕ್ಕೆ ಹಾಕುತ್ತಾರೆ. ಬೊಸ್‌ಕೋಸ್ ಅಂತ ಅದಕ್ಕೆ ಹೆಸರು, ಪೊದೆಯ ಊಟ ಅಂತ ಅರ್ಥ. ಅಲ್ಲೂ ತೆಳು ರೆಂಬೆಯೇ ಒಳ್ಳೆಯದು.

ಹಾಕೋಕೆ ಶುರು ಮಾಡಿದ ಮೇಲೆ

ಯಾವ ಮರದ ಮೇವಾದರೂ ಎರಡು ವಾರ ತೆಗೆದುಕೊಂಡು ಅಭ್ಯಾಸ ಮಾಡಿಸಿ. ಹೊಟ್ಟೆಯೊಳಗಿನ ಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳೋಕೆ ಅಷ್ಟು ದಿನ ಬೇಕು. ಮೊದಲು ಹುಲ್ಲು ತಿನ್ನಿಸಿ, ಆಮೇಲೆ ಸೊಪ್ಪು. ಖಾಲಿ ಹೊಟ್ಟೆಗೆ ಸೊಪ್ಪು ಬೇಡ. ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣ, ಅಷ್ಟೇ ಉಪ್ಪು ಕೊಡಿ. ಸುಬಾಬುಲ್ ತಿನ್ನುವ ದನಕ್ಕೆ ಅಯೋಡಿನ್ ಇರುವ ಖನಿಜ ಮಿಶ್ರಣವೇ ಬೇಕು. ನೀರು ಮಾತ್ರ ಯಾವಾಗಲೂ ತೊಟ್ಟಿಯಲ್ಲಿ ತುಂಬಿರಲಿ. ಒಣ ಮೇವು ತಿನ್ನುವ ದನ ನೀರಿಲ್ಲದೆ ಅರಗಿಸೋಕೆ ಆಗೋದಿಲ್ಲ.

ದಿನಾ ಬೆಳಿಗ್ಗೆ ಸಗಣಿ ನೋಡಿ. ಗಟ್ಟಿಯಾಗಿ ಉಂಡೆ ಉಂಡೆ ಬಂದರೆ ನಾರು ಜಾಸ್ತಿಯಾಗಿದೆ, ಕಡ್ಡಿ ಕಡಿಮೆ ಮಾಡಿ. ತೆಳ್ಳಗೆ ಹರಿದರೆ ಹಸಿ ಸೊಪ್ಪು ಅಥವಾ ಜಾಲಿ ಪುಡಿ ಕಡಿಮೆ ಮಾಡಿ. ಮೆಲುಕು ಹಾಕುತ್ತಾ ಕಣ್ಣು ಅರೆಮುಚ್ಚಿ ಮಲಗಿದ್ದರೆ ಎಲ್ಲ ಸರಿಯಾಗಿದೆ. ಕೂದಲು ಉದುರುವುದು, ಜೊಲ್ಲು, ಮೇವು ಅಗಿಯೋಕೆ ಒದ್ದಾಡುವುದು, ಎಲ್ಲಿಂದಾದರೂ ರಕ್ತ ಒಸರುವುದು ಕಂಡರೆ ಮರದ ಮೇವನ್ನು ಅಂದೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಏನು ಹಾಕುತ್ತಿದ್ದಿರಿ, ಎಷ್ಟು ದಿನದಿಂದ ಅಂತ ಸರಿಯಾಗಿ ಹೇಳಿ. ಅವರಿಗೆ ಅರ್ಧ ಕೆಲಸ ಅದರಿಂದಲೇ ಆಗುತ್ತದೆ.

ಮುಂದಿನ ಬೇಸಿಗೆಗೆ ಗಿಡ

ಮರ ಇಲ್ಲದವರು ಈ ಮುಂಗಾರಿಗೇ ಹಾಕಿ. ಗ್ಲಿರಿಸಿಡಿಯಾಕ್ಕೆ ಬೀಜ ಬೇಕಿಲ್ಲ. ಹೆಬ್ಬೆರಳಿಗಿಂತ ದಪ್ಪದ, ಒಂದು ಮೀಟರ್ ಉದ್ದದ ಬಲಿತ ಕೊಂಬೆಯನ್ನು ಕೆಳಗೆ ಓರೆಯಾಗಿ ಕತ್ತರಿಸಿ, ಬದುವಿನಲ್ಲಿ ಒಂದು ಅಡಿ ಆಳಕ್ಕೆ ನೆಟ್ಟರೆ ಮೊದಲ ಮಳೆಗೆ ಚಿಗುರುತ್ತದೆ. ಸುಬಾಬುಲ್ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರು ಸ್ವಲ್ಪ ಆರಿದ ಮೇಲೆ ಬೀಜವನ್ನು ಮೂರು ನಾಲ್ಕು ನಿಮಿಷ ಮುಳುಗಿಸಿ, ಆ ನೀರು ಬಸಿದು, ತಣ್ಣೀರಿನಲ್ಲಿ ರಾತ್ರಿಯೆಲ್ಲ ನೆನೆಸಿ ಬಿತ್ತಿ. ಎಮ್ಮೆ, ಮೇಕೆ ಬಾಯಿ ಹಾಕದಂತೆ ಮೊದಲ ವರ್ಷ ಕಾಯಬೇಕು. ಗಿಡ ಗಟ್ಟಿಯಾಗಿ ನಿಂತ ಮೇಲೆ ಸೊಂಟದ ಎತ್ತರಕ್ಕೆ ಕಡಿಯಿರಿ. ಆಮೇಲೆ ಮಳೆಗಾಲದಲ್ಲಿ ಎರಡು ತಿಂಗಳಿಗೊಮ್ಮೆ ಕಡಿಯಬಹುದು. ಕಾಯಿ ಬಲಿಯೋಕೆ ಬಿಡಬೇಡಿ. ಬಿಟ್ಟರೆ ಬೀಜ ಸಿಡಿದು ಪಕ್ಕದವರ ಹೊಲದಲ್ಲೂ ಸುಬಾಬುಲ್ ಏಳುತ್ತದೆ.